ಮೆದುಳಿನ ಶಸ್ತ್ರಚಿಕಿತ್ಸೆಯೂ ರೋಗಿಯ ದೇಹಶೈಥಿಲ್ಯವೂ

ಬೀದರ ಜಿಲ್ಲೆಯ ದನದ ಸಂತೆಗೆ ದೇವಣಿ ತಳಿಯ ಎತ್ತನ್ನು ಕೊಳ್ಳಲು ಬಂದ ರೈತನು ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ. ಹಲ್ಲಿನಿಂದ ಎತ್ತಿನ ವಯಸ್ಸು ತಿಳಿಯುತ್ತದೆ. ಆದರೆ ಅಷ್ಟಕ್ಕೇ ಅವನು ಹಣ ಎಣಿಸಿಕೊಡುವುದಿಲ್ಲ. ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಭುಜವನ್ನು ತಟ್ಟಿ ನೋಡುತ್ತಾನೆ. ಮೇವನ್ನು ಹೇಗೆ ತಿನ್ನುತ್ತದೆ, ಮಲಗಿದ್ದಲ್ಲಿಂದ ಹೇಗೆ ಏಳುತ್ತದೆ ಎಂಬುದನ್ನು ಗಮನಿಸುತ್ತಾನೆ. ಒಂದೇ ವಯಸ್ಸಿನ ಎರಡು ಎತ್ತುಗಳು ಒಂದೇ ಭಾರವನ್ನು ಎಳೆಯಲಾರವೆಂಬುದು ಅವನ ಅನುಭವ.

ಮನುಷ್ಯನನ್ನು ಎತ್ತಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಆದರೆ ರೈತನು ಕೇಳುವ ಪ್ರಶ್ನೆಯನ್ನೇ ಶಸ್ತ್ರವೈದ್ಯನೂ ಕೇಳಬೇಕಾಗಿದೆ. ತಲೆಬುರುಡೆಯನ್ನು ತೆರೆದು ಮೆದುಳಿನ ಗಡ್ಡೆಯನ್ನು ತೆಗೆಯುವುದು ದೇಹದ ಮೇಲೆ ಬೀಳುವ ದೊಡ್ಡ ಭಾರ. ಈ ಭಾರವನ್ನು ಯಾರು ಹೊರಬಲ್ಲರು, ಯಾರು ಹೊರಲಾರರು ಎಂಬುದನ್ನು ಮುಂಚಿತವಾಗಿ ತಿಳಿಯುವುದು ಹೇಗೆ? ಬಹುಕಾಲ ಇದಕ್ಕೆ ವಯಸ್ಸನ್ನೇ ಮುಖ್ಯ ಅಳತೆಯಾಗಿ ಹಿಡಿಯುತ್ತಿದ್ದರು. ಕಳೆದ ಎರಡು ದಶಕಗಳಲ್ಲಿ ಇನ್ನೊಂದು ಅಳತೆಯೂ ಬಳಕೆಗೆ ಬಂದಿದೆ. ಅದನ್ನು ಕುರಿತು ಈ ಲೇಖನದಲ್ಲಿ ವಿಚಾರಮಾಡೋಣ.

ಇಬ್ಬರು ಹಿರಿಯರು

ವಿಷಯವು ಸ್ಪಷ್ಟವಾಗಲೆಂದು ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳೋಣ. ಇಬ್ಬರೂ ಒಂದೇ ದಿನ ಬೀದರ ನಗರದ ಆಸ್ಪತ್ರೆಗೆ ಬಂದಿದ್ದಾರೆ. ಒಬ್ಬರು ಭಾಲ್ಕಿಯ ಕಡೆಯವರು, ಮತ್ತೊಬ್ಬರು ಔರಾದಿನವರು. ಎರಡು ಊರುಗಳೂ ಬೀದರಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿವೆ. ಇಬ್ಬರಿಗೂ ಕೆಲವು ತಿಂಗಳಿನಿಂದ ತಲೆನೋವು. ಇಬ್ಬರ ತಲೆಯ ಚಿತ್ರದಲ್ಲಿಯೂ ಒಂದೇ ಸ್ಥಳದಲ್ಲಿ, ಹಣೆಯ ಹಿಂಭಾಗದಲ್ಲಿ, ಹೆಚ್ಚುಕಡಿಮೆ ಒಂದೇ ಗಾತ್ರದ ಗಡ್ಡೆ ಕಂಡಿದೆ.

ಭಾಲ್ಕಿಯ ಮುತ್ಯಾನಿಗೆ 76 ವರ್ಷ. ರಕ್ತದ ಒತ್ತಡಕ್ಕೆ ದಿನವೂ ಒಂದು ಗುಳಿಗೆ ನುಂಗುತ್ತಾನೆ. ಅದನ್ನು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಬೆಳಗ್ಗೆ ಹೊಲಕ್ಕೆ ನಡೆದು ಹೋಗಿ ಬರುತ್ತಾನೆ. ನೆಲದ ಮೇಲೆ ಕುಳಿತು ಊಟಮಾಡಿ ಕೈಯೂರದೆ ಏಳುತ್ತಾನೆ. ಔರಾದಿನ ಹಿರಿಯನಿಗೆ 64 ವರ್ಷ ಮಾತ್ರ. ಆದರೆ ಸಕ್ಕರೆ ಕಾಯಿಲೆಯಿದೆ, ರಕ್ತದ ಒತ್ತಡವಿದೆ, ಬಹಳ ವರ್ಷ ಬೀಡಿ ಸೇದಿ ಶ್ವಾಸಕೋಶ ಕೆಟ್ಟಿದೆ. ಒಂದು ವರ್ಷದಲ್ಲಿ 55 ಕಿಲೋ ಇದ್ದ ತೂಕ 50ಕ್ಕೆ ಇಳಿದಿದೆ. ಸ್ನಾನಕ್ಕೆ ಮಗನ ಆಸರೆ ಬೇಕು.

ವಯಸ್ಸನ್ನೇ ಅಳತೆಯಾಗಿ ಹಿಡಿದರೆ, ಔರಾದಿನವನಿಗೆ ಅಪಾಯ ಕಡಿಮೆಯೆಂದೂ ಭಾಲ್ಕಿಯವನಿಗೆ ಹೆಚ್ಚೆಂದೂ ಹೇಳಬೇಕಾಗುತ್ತದೆ. ಈ ತೀರ್ಮಾನ ಸರಿಯಲ್ಲವೆಂದು ವಾಚಕರಿಗೆ ಈಗಾಗಲೇ ಅನ್ನಿಸಿರಬಹುದು. ಹಾಗೇಕೆ ಅನ್ನಿಸುತ್ತದೆ ಎಂಬುದನ್ನು ವಿಜ್ಞಾನದ ಮಾತಿನಲ್ಲಿ ಹೇಳಲು ಸಾಧ್ಯವೆ?

ತಲೆಯೊಳಗಿನ ಇಕ್ಕಟ್ಟು

ಮೊದಲು ಗಡ್ಡೆಯ ವಿಚಾರ. ವಯಸ್ಕರ ತಲೆಬುರುಡೆಯೊಳಗೆ ಸುಮಾರು ಒಂದೂವರೆ ಲೀಟರಿನಷ್ಟು ಸ್ಥಳವಿದೆ. ಅದರಲ್ಲಿ ಹತ್ತರಲ್ಲಿ ಎಂಟು ಪಾಲು ಮೆದುಳು; ಉಳಿದುದು ರಕ್ತ ಮತ್ತು ಮೆದುಳನ್ನು ಸುತ್ತುವರಿದ ತಿಳಿಯಾದ ದ್ರವ. ಎಲುಬಿನ ಈ ಪೆಟ್ಟಿಗೆ ಹಿಗ್ಗುವುದಿಲ್ಲ. ಆದುದರಿಂದ ಹೊಸದಾಗಿ ಏನಾದರೂ ಬೆಳೆದರೆ ಮೊದಲಿದ್ದ ಮೂರರಲ್ಲಿ ಯಾವುದಾದರೂ ಜಾಗ ಬಿಟ್ಟುಕೊಡಬೇಕು. ಮೊದಮೊದಲು ದ್ರವವೂ ರಕ್ತವೂ ಹಿಂಜರಿದು ಜಾಗ ಬಿಡುತ್ತವೆ. ಆ ಅವಕಾಶ ಮುಗಿದಮೇಲೆ ಒಳಗಿನ ಒತ್ತಡ ಬೇಗಬೇಗ ಏರುತ್ತದೆ. ತಲೆನೋವು, ವಾಂತಿ, ಸೆಳವು, ಕೈಕಾಲುಗಳ ನಿಶ್ಶಕ್ತಿ, ಕೆಲವೊಮ್ಮೆ ಸ್ವಭಾವದ ಬದಲಾವಣೆ, ಇವು ಆಗ ಕಾಣಿಸಿಕೊಳ್ಳುತ್ತವೆ.

ಗಡ್ಡೆಗಳೆಲ್ಲವೂ ಒಂದೇ ಜಾತಿಯವಲ್ಲ. ಮೆದುಳನ್ನು ಹೊದೆದ ಪೊರೆಯಿಂದ ಹುಟ್ಟುವ 'ಮೆನಿಂಜಿಯೋಮ' ಎಂಬುದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದು. ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ ಅನೇಕರು ಗುಣಹೊಂದುತ್ತಾರೆ. ನರಕೋಶಗಳಿಗೆ ಆಸರೆಯಾದ ಗ್ಲಿಯಾ ಜೀವಕೋಶಗಳಿಂದ ಹುಟ್ಟುವ 'ಗ್ಲಿಯೋಮ'ಗಳಲ್ಲಿ ಕೆಲವು ಅತಿ ಕ್ರೂರವಾದವು. ಅವು ವಾರವಾರಕ್ಕೂ ಬೆಳೆಯಬಲ್ಲವು. ನಮ್ಮ ಉದಾಹರಣೆಯ ಇಬ್ಬರಿಗೂ ಮೆನಿಂಜಿಯೋಮ ಇದೆಯೆಂದು ಇಟ್ಟುಕೊಳ್ಳೋಣ.

ಭಾರತದಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ಮೊದಲ ಪ್ರತ್ಯೇಕ ವಿಭಾಗವನ್ನು 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿಯವರು ತೆರೆದರು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಲ್ಲಿ ಡಾ. ಆರ್. ಎಂ. ವರ್ಮ ಅವರು ಈ ಕೆಲಸವನ್ನು ಆರಂಭಿಸಿದರು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ಹೈದರಾಬಾದಿಗೆ ಸುಮಾರು 140. ದೂರದ ಊರಿಗೆ ಹೋಗುವ ರೋಗಿಗೆ ಪ್ರಯಾಣವೇ ಒಂದು ಪರೀಕ್ಷೆ.

ಶೈಥಿಲ್ಯವೆಂದರೇನು?

ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯವಿದೆ. ಜಲಾಶಯವು ತುಂಬಿರುವಾಗ ಒಂದು ತಿಂಗಳು ಮಳೆ ಬಾರದಿದ್ದರೂ ಕಾಲುವೆಯ ನೀರಿಗೆ ಕೊರತೆಯಾಗದು. ತಳ ಕಾಣುವಷ್ಟು ನೀರು ಇಳಿದಿರುವಾಗಲಾದರೋ ಎರಡು ವಾರ ಮಳೆ ತಡವಾದರೆ ಸಾಕು, ಕಾಲುವೆ ಒಣಗುತ್ತದೆ. ಎರಡು ಸಂದರ್ಭಗಳಲ್ಲಿಯೂ ನಿನ್ನೆಯವರೆಗೆ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇತ್ತು. ಕಾಲುವೆಯನ್ನು ಮಾತ್ರ ನೋಡಿದವನಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ನಮ್ಮ ದೇಹದಲ್ಲಿಯೂ ಇಂಥ ದಾಸ್ತಾನು ಇದೆ. ಆರೋಗ್ಯವಂತನ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸ್ನಾಯುಗಳು ದಿನದ ಕೆಲಸಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನ ಶಕ್ತಿಯನ್ನು ಹೊಂದಿರುತ್ತವೆ. ವಯಸ್ಸಾದಂತೆ ಈ ಹೆಚ್ಚುವರಿ ಶಕ್ತಿ ಕರಗುತ್ತದೆ. ಆದರೆ ಎಲ್ಲರಲ್ಲಿಯೂ ಒಂದೇ ವೇಗದಿಂದ ಅಲ್ಲ. ಕಾಯಿಲೆ, ಅರೆಹೊಟ್ಟೆ, ತಂಬಾಕು, ಚಟುವಟಿಕೆಯಿಲ್ಲದ ಬಾಳು ಅದನ್ನು ಬೇಗ ಬರಿದುಮಾಡುತ್ತವೆ. ಹಲವು ಅಂಗಗಳ ದಾಸ್ತಾನು ಒಟ್ಟಿಗೆ ತಗ್ಗಿ, ಸಣ್ಣ ಪೆಟ್ಟನ್ನೂ ತಾಳಿಕೊಂಡು ಮೊದಲಿನ ಸ್ಥಿತಿಗೆ ಮರಳಲಾರದಂತಾದ ದೇಹಸ್ಥಿತಿಯನ್ನು ವೈದ್ಯರು 'ಫ್ರೇಲ್ಟಿ' ಎನ್ನುತ್ತಾರೆ. ನಾವು ಇಲ್ಲಿ 'ಶೈಥಿಲ್ಯ' ಎಂಬ ಹೆಸರನ್ನು ಬಳಸೋಣ. ಶೈಥಿಲ್ಯವು ಒಂದು ಕಾಯಿಲೆಯ ಹೆಸರಲ್ಲ. ವೃದ್ಧಾಪ್ಯದ ಮತ್ತೊಂದು ಹೆಸರೂ ಅಲ್ಲ.

ಅಳೆಯುವ ಬಗೆ

ಕಣ್ಣಂದಾಜಿನ ಮಾತು ವಿಜ್ಞಾನವಾಗಬೇಕಾದರೆ ಅಳತೆ ಬೇಕು. 2001ರಲ್ಲಿ ಈ ಅಳತೆಗೆ ಎರಡು ದಾರಿಗಳು ತೆರೆದವು.

ಮೊದಲನೆಯದು ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರದು. 65 ವರ್ಷ ಮೀರಿದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ ಅವರು ಐದು ಲಕ್ಷಣಗಳನ್ನು ಗೊತ್ತುಮಾಡಿದರು: ಬೇಕೆಂದು ಮಾಡದೆಯೇ ವರ್ಷದಲ್ಲಿ ಸುಮಾರು ನಾಲ್ಕೂವರೆ ಕಿಲೋ ಅಥವಾ ನೂರಕ್ಕೆ ಐದರಷ್ಟು ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತದ ಬಲ ಕುಂದುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಲಕ್ಷಣಗಳಿದ್ದರೆ ಶೈಥಿಲ್ಯ. ಒಂದೆರಡಿದ್ದರೆ ಅದರ ಹೊಸ್ತಿಲು.

ಎರಡನೆಯದು ಕೆನಡಾದ ಅರ್ನಾಲ್ಡ್ ಮಿಟ್ನಿಟ್ಸ್ಕಿ ಮತ್ತು ಕೆನೆತ್ ರಾಕ್‌ವುಡ್ ಅವರದು. ಅವರ ಲೆಕ್ಕ ಸರಳವಾದುದು. ಕಾಯಿಲೆ, ಅಸಾಮರ್ಥ್ಯ, ಪರೀಕ್ಷೆಗಳ ದೋಷ ಮುಂತಾದ ಕೊರತೆಗಳ ಪಟ್ಟಿಯೊಂದನ್ನು ಮಾಡಿ, ರೋಗಿಯಲ್ಲಿ ಎಷ್ಟು ಇವೆಯೆಂದು ಎಣಿಸಿ, ಪಟ್ಟಿಯ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 40 ಕೊರತೆಗಳ ಪಟ್ಟಿಯಲ್ಲಿ 10 ಇದ್ದರೆ ಸೂಚ್ಯಂಕ 0.25. ಸಾಮಾನ್ಯವಾಗಿ ಇದನ್ನು ಮೀರಿದವರನ್ನು ಶಿಥಿಲರೆಂದು ಎಣಿಸುತ್ತಾರೆ. ಸೂಚ್ಯಂಕವು 0.7ರ ಆಚೆಗೆ ಹೋಗುವುದು ಬಹಳ ಅಪರೂಪ. ಅಷ್ಟು ಕೊರತೆಗಳನ್ನು ಹೊತ್ತು ದೇಹ ಬದುಕಲಾರದು.

ಸ್ನಾಯುಗಳ ಸವೆತವನ್ನು ತಿಳಿಯಲು ಏಷ್ಯಾದ ತಜ್ಞರ ಮಂಡಲಿಯೊಂದು 2019ರಲ್ಲಿ ನಮ್ಮ ಭೂಖಂಡದ ಜನರಿಗೆ ಹೊಂದುವ ಮಿತಿಗಳನ್ನು ಹೇಳಿತು. ಹಿಡಿತದ ಬಲ ಗಂಡಸರಲ್ಲಿ 28 ಕಿಲೋಗಿಂತ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೆ, ಅಥವಾ ಆರು ಮೀಟರು ನಡೆಯಲು ಆರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಭಾರತದಲ್ಲಿಯೂ 2017–18ರಲ್ಲಿ ನಡೆದ ವೃದ್ಧಾಪ್ಯದ ಮಹಾಸಮೀಕ್ಷೆಯು, 45 ವರ್ಷ ಮೀರಿದವರನ್ನೂ ಅವರ ಬಾಳಸಂಗಾತಿಗಳನ್ನೂ ಸೇರಿಸಿ 72,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ, ಹಿಡಿತದ ಬಲವನ್ನೂ ಹಿರಿಯರ ನಡಿಗೆಯ ವೇಗವನ್ನೂ ಅಳೆಯಿತು.

ಅವಸರದ ಆಸ್ಪತ್ರೆಯಲ್ಲಿ ಇಷ್ಟೆಲ್ಲ ಅಳೆಯಲು ಸಮಯ ಸಿಗುವುದಿಲ್ಲ. ಆದುದರಿಂದ ಶಸ್ತ್ರವೈದ್ಯರಲ್ಲಿ ಐದೇ ಪ್ರಶ್ನೆಗಳ ಒಂದು ಕಿರುಪಟ್ಟಿ ಬಳಕೆಗೆ ಬಂದಿದೆ. ಸಕ್ಕರೆ ಕಾಯಿಲೆ ಇದೆಯೆ? ಔಷಧಿ ಬೇಕಾಗುವಷ್ಟು ರಕ್ತದ ಒತ್ತಡ ಇದೆಯೆ? ಶ್ವಾಸಕೋಶದ ದೀರ್ಘ ಕಾಯಿಲೆ? ಹೃದಯದ ಸೋಲು? ದಿನದ ಕೆಲಸಗಳಿಗೆ ಇತರರ ಆಸರೆ? ಹೌದೆಂಬ ಒಂದೊಂದು ಉತ್ತರಕ್ಕೂ ಒಂದು ಅಂಕ. ನಮ್ಮ ಭಾಲ್ಕಿಯ ಮುತ್ಯಾನಿಗೆ ಐದಕ್ಕೆ ಒಂದು. ಔರಾದಿನವನಿಗೆ ಐದಕ್ಕೆ ನಾಲ್ಕು.

ಶಸ್ತ್ರಚಿಕಿತ್ಸೆಯ ನಂತರ ಏನಾಗುತ್ತದೆ?

ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ಅಮೆರಿಕದ ದೊಡ್ಡ ನೋಂದಣಿಗಳಲ್ಲಿ ಪರಿಶೀಲಿಸಿದಾಗ, ಇಂಥ ಅಂಕ ಏರಿದಷ್ಟೂ ಮೊದಲ 30 ದಿನಗಳ ತೊಡಕುಗಳು ಹೆಚ್ಚುವುದೂ, ಆಸ್ಪತ್ರೆಯ ವಾಸ ದೀರ್ಘವಾಗುವುದೂ, ನೇರವಾಗಿ ಮನೆಗೆ ಮರಳುವವರ ಸಂಖ್ಯೆ ತಗ್ಗುವುದೂ ಕಂಡುಬಂದಿತು. ಗ್ಲಿಯೋಮಗಳಲ್ಲಿ ಅತಿ ಕ್ರೂರವಾದ 'ಗ್ಲಿಯೋಬ್ಲಾಸ್ಟೋಮ'ದ ವೃದ್ಧ ರೋಗಿಗಳನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು. ಶಿಥಿಲರಾದವರಲ್ಲಿ ತೊಡಕುಗಳು ಹೆಚ್ಚು, ಬದುಕಿನ ಅವಧಿ ಕಡಿಮೆ.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಚಾಕುವಿನ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ದೇಹದ ಕೆಲಸ ಆಗ ಆರಂಭವಾಗುತ್ತದೆ. ಗಾಯ ಮಾಯಲು ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿ ಪ್ರೋಟೀನನ್ನು ಒದಗಿಸಿಕೊಳ್ಳುತ್ತದೆ. ಕೆಮ್ಮಿ ಕಫವನ್ನು ಹೊರಹಾಕಲು ಎದೆಯ ಸ್ನಾಯುಗಳಿಗೆ ಬಲ ಬೇಕು; ಇಲ್ಲವಾದರೆ ನ್ಯುಮೋನಿಯಾ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಾಸಿಗೆಯ ವಾಸವು ಸ್ನಾಯುಗಳನ್ನು ಎಷ್ಟು ಬೇಗ ಸವೆಸುತ್ತದೆಂಬುದನ್ನು 2007ರ ಪ್ರಯೋಗವೊಂದು ತೋರಿಸಿತು. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಮಲಗಿಸಿದಾಗ ಅವರ ಕಾಲುಗಳೇ ಸುಮಾರು ಒಂದು ಕಿಲೋದಷ್ಟು ಮಾಂಸವನ್ನು ಕಳೆದುಕೊಂಡವು. ಮೊದಲೇ ಬರಿದಾದ ದೇಹದಲ್ಲಿ ಇಷ್ಟು ನಷ್ಟವಾದರೆ ರೋಗಿಯು ಮತ್ತೆ ಎದ್ದು ನಿಲ್ಲದೆಯೇ ಹೋಗಬಹುದು.

ಒಂದು ತೊಡಕಿನ ಪ್ರಶ್ನೆ

ಇಲ್ಲಿಗೆ ವಿಷಯ ಸುಲಭವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಮೆದುಳಿನ ಗಡ್ಡೆಯಲ್ಲಿ ಒಂದು ತೊಡಕು ಇದೆ. ಗಡ್ಡೆಯೇ ಶೈಥಿಲ್ಯದ ವೇಷ ಹಾಕಬಲ್ಲದು!

ಹಣೆಯ ಹಿಂದಿನ ಗಡ್ಡೆಯು ಮನುಷ್ಯನನ್ನು ಮಂಕಾಗಿಸಬಹುದು, ನಡಿಗೆಯನ್ನು ನಿಧಾನಗೊಳಿಸಬಹುದು, ಊಟದ ಆಸೆಯನ್ನು ಕಡಿಮೆಮಾಡಬಹುದು. ಇಂಥ ರೋಗಿಯನ್ನು ಪರೀಕ್ಷಿಸಿದರೆ ಶೈಥಿಲ್ಯದ ಮೂರು ಲಕ್ಷಣಗಳು ಸುಲಭವಾಗಿ ಸಿಗುತ್ತವೆ. ಆದರೆ ಕಾರಣ ಗಡ್ಡೆಯೇ ಆಗಿದ್ದರೆ, ಅದನ್ನು ತೆಗೆದಮೇಲೆ ಅವನು ಚೇತರಿಸಿಕೊಳ್ಳುವ ಸಂಭವ ಉಂಟು. ಅವನನ್ನು 'ಶಿಥಿಲ'ನೆಂದು ಬಗೆದು ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿದರೆ, ಗುಣವಾಗಬಹುದಾದವನಿಗೆ ಬಾಗಿಲು ಮುಚ್ಚಿದಂತಾಗುತ್ತದೆ.

ಔಷಧಿಯೂ ಹೀಗೆಯೇ ಮರೆಮಾಡಬಲ್ಲದು. ಗಡ್ಡೆಯ ಸುತ್ತಲಿನ ಊತವನ್ನು ಇಳಿಸಲು 1961ರಿಂದ 'ಡೆಕ್ಸಾಮೆಥಸೋನ್' ಎಂಬ ಸ್ಟೀರಾಯ್ಡನ್ನು ಕೊಡುತ್ತ ಬಂದಿದ್ದಾರೆ. ಕೆಲವು ದಿನಗಳಲ್ಲಿಯೇ ತಲೆನೋವು ಇಳಿಯುತ್ತದೆ. ಆದರೆ ವಾರಗಟ್ಟಲೆ ತೆಗೆದುಕೊಂಡರೆ ಅದು ತೊಡೆಯ ಸ್ನಾಯುಗಳನ್ನು ಕೃಶಗೊಳಿಸುತ್ತದೆ. ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ನೆಲದಿಂದ ಏಳಲಾರದ ರೋಗಿಯಲ್ಲಿ ದೋಷ ವಯಸ್ಸಿನದೊ, ಗಡ್ಡೆಯದೊ, ಔಷಧಿಯದೊ? ಚಿತ್ರ ತೆಗೆಯುವ ಯಂತ್ರ ಇದಕ್ಕೆ ಉತ್ತರ ಕೊಡದು. ಉತ್ತರ ಇರುವುದು ಮನೆಯವರ ನೆನಪಿನಲ್ಲಿ. ತಲೆನೋವು ಶುರುವಾಗುವ ಮೊದಲು ಹಿರಿಯರು ಹೇಗಿದ್ದರು ಎಂಬುದನ್ನು ಅವರೇ ಬಲ್ಲರು.

ಔರಾದಿನ ಹಿರಿಯನ ಮಗನನ್ನು ಈ ಪ್ರಶ್ನೆ ಕೇಳಿದರೆ ಅವನು ಹೀಗೆ ಹೇಳಿಯಾನು: "ಎರಡು ವರ್ಷದ ಹಿಂದೆಯೇ ಅಪ್ಪನಿಗೆ ಬಸ್ ನಿಲ್ದಾಣದವರೆಗೆ ನಡೆದರೆ ಏದುಸಿರು ಬರುತ್ತಿತ್ತು. ಆದರೆ ಸ್ನಾನಕ್ಕೆ ಆಸರೆ ಬೇಕಾದದ್ದು ಈ ಮೂರು ತಿಂಗಳಿನಿಂದ." ಇಷ್ಟು ಮಾತಿನಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೂಲದ ದಾಸ್ತಾನು ಕಡಿಮೆಯಿರುವುದು ನಿಜ. ಆದರೆ ಈಚಿನ ಕುಸಿತದಲ್ಲಿ ಗಡ್ಡೆಯ ಪಾಲೂ ಇರಬಹುದು.

ಅಂಕಿಯನ್ನು ಓದುವ ರೀತಿ

ಮುನ್ಸೂಚನೆಯೆಂದರೆ ವಿಧಿಯ ಬರಹವಲ್ಲ. ಉದಾಹರಣೆಗೆ ಮಾತ್ರ ಒಂದು ಲೆಕ್ಕ ಹಾಕೋಣ. ಗಟ್ಟಿಮುಟ್ಟಾದ 100 ಜನರಲ್ಲಿ 5 ಜನರಿಗೆ ತೊಡಕಾಗುತ್ತದೆ, ಶಿಥಿಲರಾದ 100 ಜನರಲ್ಲಿ 20 ಜನರಿಗೆ ತೊಡಕಾಗುತ್ತದೆ ಎಂದು ಭಾವಿಸೋಣ. ಅಪಾಯ ನಾಲ್ಕು ಪಟ್ಟಾಯಿತು. ಆದರೂ ಶಿಥಿಲರಲ್ಲಿ 80 ಜನ ತೊಡಕಿಲ್ಲದೆ ಪಾರಾದರು. ಅಂಕಿಯು ಗುಂಪಿನ ವಿಚಾರ ಹೇಳುತ್ತದೆ. ಎದುರಿಗೆ ಕುಳಿತ ಒಬ್ಬನು 80ರಲ್ಲಿ ಸೇರುವನೊ 20ರಲ್ಲಿ ಸೇರುವನೊ ಎಂಬುದನ್ನು ಖಚಿತವಾಗಿ ಹೇಳಲಾರದು.

ಇನ್ನೂ ಎರಡು ಎಚ್ಚರಿಕೆಗಳುಂಟು. ಈ ಅಧ್ಯಯನಗಳಲ್ಲಿ ಹೆಚ್ಚಿನವು ಹಳೆಯ ದಾಖಲೆಗಳನ್ನು ಹಿಂತಿರುಗಿ ನೋಡಿ ಮಾಡಿದವು. ಅವುಗಳಲ್ಲಿ ಶಸ್ತ್ರಚಿಕಿತ್ಸೆಗೆ ತಕ್ಕವರೆಂದು ಮೊದಲೇ ಆರಿಸಲ್ಪಟ್ಟವರು ಮಾತ್ರ ಇದ್ದಾರೆ. ಎರಡನೆಯದಾಗಿ, ಅವು ಬಹುಮಟ್ಟಿಗೆ ಹೊರದೇಶಗಳ ಅನುಭವ. ಅಲ್ಲಿ ಮನೆಗೆ ಮರಳಲಾಗದವರು ಶುಶ್ರೂಷಾಲಯಕ್ಕೆ ಹೋಗುತ್ತಾರೆ. ಔರಾದಿನಲ್ಲಿ ಆ ಹೊಣೆ ಸೊಸೆಯ ಮೇಲೆಯೋ ಮಗಳ ಮೇಲೆಯೋ ಬೀಳುತ್ತದೆ. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತ ಬೀದರಿನಂಥ ಗಡಿನಾಡಿನಲ್ಲಿ ರೋಗಿಯ ನೆನಪಿನ ಶಕ್ತಿಯನ್ನು ಅವನದಲ್ಲದ ಭಾಷೆಯಲ್ಲಿ ಪರೀಕ್ಷಿಸಿದರೆ, ಬುದ್ಧಿ ಚೆನ್ನಾಗಿದ್ದವನೂ ಮಂಕನಂತೆ ಕಂಡಾನು.

ಬರಿದಾದುದನ್ನು ತುಂಬಬಹುದೆ?

ವಯಸ್ಸಿಗೂ ಶೈಥಿಲ್ಯಕ್ಕೂ ಇರುವ ಮುಖ್ಯ ಭೇದ ಇಲ್ಲಿದೆ. ವಯಸ್ಸನ್ನು ಒಂದು ದಿನವೂ ಹಿಂದಕ್ಕೆ ತಳ್ಳಲಾಗದು. ಶೈಥಿಲ್ಯವನ್ನು ಸ್ವಲ್ಪಮಟ್ಟಿಗೆ ಹಿಮ್ಮೆಟ್ಟಿಸಬಹುದು. ಮೆನಿಂಜಿಯೋಮದಂತಹ ನಿಧಾನದ ಗಡ್ಡೆಯಾದರೆ, ಒಳಗಿನ ಒತ್ತಡ ಅಪಾಯದ ಮಟ್ಟದಲ್ಲಿಲ್ಲದಿದ್ದರೆ, ವೈದ್ಯರು ಕೆಲವು ವಾರಗಳ ಸಿದ್ಧತೆಗೆ ಅವಕಾಶ ಕೊಡಬಲ್ಲರು. ಕ್ರೂರವಾದ ಗ್ಲಿಯೋಮದಲ್ಲಿ ಅಷ್ಟು ಬಿಡುವು ಇರುವುದಿಲ್ಲ.

ಸಿದ್ಧತೆಯಲ್ಲಿ ಮೊದಲನೆಯದು ಆಹಾರ. ಕಾಯಿಲೆಯಿರುವ ಹಿರಿಯರಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ತಜ್ಞರ ಸಲಹೆ. 50 ಕಿಲೋ ತೂಕದವನಿಗೆ ಇದು 60ರಿಂದ 75 ಗ್ರಾಂ ಆಗುತ್ತದೆ. 300 ಗ್ರಾಂ ಜೋಳದಿಂದ ಸುಮಾರು 30 ಗ್ರಾಂ, 75 ಗ್ರಾಂ ತೊಗರಿಬೇಳೆಯಿಂದ ಸುಮಾರು 16 ಗ್ರಾಂ, 400 ಮಿಲಿಲೀಟರು ಹಾಲಿನಿಂದ ಸುಮಾರು 13 ಗ್ರಾಂ. ಇವುಗಳನ್ನು ಕೂಡಿಸಿದರೆ ಗುರಿಯ ಹತ್ತಿರ ಬರುತ್ತೇವೆ. ಒಂದು ಮೊಟ್ಟೆಯೋ ಒಂದು ಹಿಡಿ ಶೇಂಗಾವೋ ಉಳಿದುದನ್ನು ತುಂಬುತ್ತದೆ. ಮೂತ್ರಪಿಂಡದ ಕಾಯಿಲೆಯಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಈ ಪ್ರಮಾಣವನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಸಕ್ಕರೆ ಕಾಯಿಲೆಯಿದ್ದವರು ಜೋಳದ ಅಳತೆಯನ್ನೂ ಕೇಳಿ ತಿಳಿಯಬೇಕು.

ಎರಡನೆಯದು ಚಲನೆ. ಆಸರೆಯೊಡನೆ ದಿನವೂ ನಡೆಯುವುದು, ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವ ಅಭ್ಯಾಸ, ದೀರ್ಘವಾಗಿ ಉಸಿರೆಳೆಯುವ ಅಭ್ಯಾಸ. ಮೂರನೆಯದು ದುರಸ್ತಿ. ಬೀಡಿಯನ್ನು ಬಿಡುವುದು, ರಕ್ತಹೀನತೆಗೆ ಮದ್ದು, ಸಕ್ಕರೆಯನ್ನು ಹತೋಟಿಗೆ ತರುವುದು. ಶಸ್ತ್ರಚಿಕಿತ್ಸೆಯ ನಂತರ ರೋಗಿಯನ್ನು ಬೇಗ ಎಬ್ಬಿಸಿ ಕೂರಿಸುವುದು, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಕೂಡಲೇ ಕೊಡುವುದು, ಗುರುತಿನ ಮುಖವೊಂದು ಹಾಸಿಗೆಯ ಬಳಿ ಇರುವುದು, ಇವು ವೃದ್ಧರನ್ನು ಕಾಡುವ ಸನ್ನಿಯನ್ನು ತಡೆಯಲು ನೆರವಾಗುತ್ತವೆ.

ಅಂತೂ ನಮ್ಮ ಇಬ್ಬರ ಗತಿಯೇನು? ಭಾಲ್ಕಿಯ ಮುತ್ಯಾನನ್ನು "76 ವರ್ಷವಾಯಿತು, ಇನ್ನೇಕೆ?" ಎಂದು ಮನೆಗೆ ಕಳುಹಿಸುವುದು ತಪ್ಪಾಗುತ್ತದೆ. ಔರಾದಿನವನನ್ನು "64 ತಾನೆ" ಎಂದು ನಾಳೆಯೇ ಮೇಜಿನ ಮೇಲೆ ಮಲಗಿಸುವುದೂ ಅಷ್ಟೇ ತಪ್ಪು. ಅವನಿಗೆ ಸಿದ್ಧತೆಯ ನಂತರ ಶಸ್ತ್ರಚಿಕಿತ್ಸೆ, ಇಲ್ಲವೆ ವಿಕಿರಣ ಚಿಕಿತ್ಸೆ, ಇಲ್ಲವೆ ಆಗಾಗ ಚಿತ್ರ ತೆಗೆದು ಕಾದುನೋಡುವುದು, ಹೀಗೆ ಹಲವು ದಾರಿಗಳಿವೆ. ಒಂದೊಂದು ದಾರಿಯ ಲಾಭನಷ್ಟವನ್ನು ಅವನಿಗೂ ಅವನ ಮನೆಯವರಿಗೂ ತಿಳಿಯುವ ಮಾತಿನಲ್ಲಿ ಹೇಳಿ, ಅವನ ಇಚ್ಛೆಯನ್ನು ಕೇಳಿ ನಿರ್ಧರಿಸಬೇಕು.

ಇದರಲ್ಲಿ ವಿದ್ಯಾರ್ಥಿಗಳಾದ ನಮಗೂ ಒಂದು ಪಾತ್ರವಿದೆ. ಹಿರಿಯರೊಡನೆ ಆಸ್ಪತ್ರೆಗೆ ಹೋಗಿ, ಕಾಗದಪತ್ರಗಳನ್ನು ಹಿಡಿದು, ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುವವರು ಎಷ್ಟೋ ಮನೆಗಳಲ್ಲಿ ಓದುತ್ತಿರುವ ಮಕ್ಕಳೇ. ಹೋಗುವ ಮುನ್ನ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳೋಣ: ವರ್ಷದ ಹಿಂದಿನ ತೂಕ ಮತ್ತು ಈಗಿನ ತೂಕ, ಆರು ತಿಂಗಳ ಹಿಂದೆ ಎಷ್ಟು ದೂರ ನಡೆಯುತ್ತಿದ್ದರು, ಈಗ ಎಷ್ಟು, ಸ್ನಾನ, ಶೌಚ, ಉಡುಪಿಗೆ ಆಸರೆ ಬೇಕಾದದ್ದು ಎಂದಿನಿಂದ, ವರ್ಷದಲ್ಲಿ ಎಷ್ಟು ಸಲ ಬಿದ್ದರು, ನುಂಗುತ್ತಿರುವ ಎಲ್ಲ ಗುಳಿಗೆಗಳ ಹೆಸರು. ವೈದ್ಯರು ಕೇಳದಿದ್ದರೆ ನಾವಾಗಿಯೇ ಆ ಹಾಳೆಯನ್ನು ಅವರ ಮುಂದಿಡೋಣ. ಔರಾದಿನ ಮಗನ ಎರಡು ಮಾತಿನಿಂದ ತಿಳಿದಷ್ಟು ಸಂಗತಿ ಅದರಿಂದಲೂ ತಿಳಿದೀತು.